ಪದಚರ್ಚೆ: ಅಥೆಂಟಿಕೇಶನ್, ಆಥರೈಸೇಶನ್, ವ್ಯಾಲಿಡೇಶನ್, ಸ್ಯಾನಿಟೈಸ್ – ಎಲ್ಲಕ್ಕೂ ‘-ಕರಣ’ವೇ?

ಎಲ್ಲರಿಗೂ ನಮಸ್ಕಾರ.

ಅಪ್ಲಿಕೇಶನ್ ಸೆಕ್ಯುರಿಟಿ ಎಂಜಿನಿಯರ್ ಬರೆದು, ಡೆವಲಪರ್ ಓದಿ ಕೋಡ್ ತಿದ್ದುವಂಥ ಟಿಕೆಟ್‌ಗಳಿಗೆ (ಲೋಪದ ವರದಿಗಳಿಗೆ) ಕನ್ನಡದ ಒಂದು ನಮೂನೆ ಸಿದ್ಧವಾಗುತ್ತಿದೆ. ಕರಡಿನಲ್ಲಿ ಅಥೆಂಟಿಕೇಶನ್‌ಗೆ ‘ದೃಢೀಕರಣ’, ಆಥರೈಸೇಶನ್‌ಗೆ ‘ಅಧಿಕೃತೀಕರಣ’ (ಕೆಲವೆಡೆ ಅದಕ್ಕೂ ‘ದೃಢೀಕರಣ’ವೇ), ವ್ಯಾಲಿಡೇಶನ್‌ಗೆ ‘ಮೌಲ್ಯೀಕರಣ’, ಸ್ಯಾನಿಟೈಸ್‌ಗೆ ‘ಶುದ್ಧೀಕರಣ’, ಎನ್‌ಕ್ರಿಪ್ಶನ್‌ಗೆ ‘ಗೂಢಲಿಪೀಕರಣ’ ಎಂದಿದೆ. ಹೀಗೆ ಬರೆದಾಗ ಟಿಕೆಟ್ ಈ ರೂಪಕ್ಕೆ ಬರುತ್ತದೆ:

‘ಆರ್ಡರ್ ಪುಟದಲ್ಲಿ ಬಳಕೆದಾರರ ದೃಢೀಕರಣ ಸಮರ್ಪಕವಾಗಿಲ್ಲ. ಆದಾನವನ್ನು ಶುದ್ಧೀಕರಿಸಿ, ದೃಢೀಕರಿಸಿ ಬಳಸಬೇಕು.’

(ಆದಾನ ಎಂದರೆ ಇನ್‌ಪುಟ್.) ವ್ಯಾಕರಣಕ್ಕೆ ಕುಂದಿಲ್ಲ, ಆದರೆ ಇದನ್ನು ಓದಿದವರು ಯಾವ ಫೈಲ್ ತೆರೆಯಬೇಕು? ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಇಟ್ಟುಕೊಳ್ಳುವುದೋ, ಬೇರೆ ಮಾತು ಹುಡುಕುವುದೋ? ಜೊತೆಗೆ ವಲ್ನರಬಿಲಿಟಿ, ಥ್ರೆಟ್, ರಿಸ್ಕ್ ಮೂರಕ್ಕೆ ‘ದೌರ್ಬಲ್ಯ, ಬೆದರಿಕೆ, ಅಪಾಯ’ ಸರಿಹೋಗುತ್ತವೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕು.

——

ಉತ್ತರ:

ನೀವು ಕೊಟ್ಟ ಆ ಎರಡು ಸಾಲಿನಲ್ಲೇ ರೋಗವೆಲ್ಲ ಇದೆ. ಆರ್ಡರ್ ಪುಟದ ಇಂಥ ಟಿಕೆಟ್ಟಿನ ಹಿಂದೆ ಸಾಮಾನ್ಯವಾಗಿ ಇರುವ ಲೋಪ ಇದು: ವಿಳಾಸದ ಕೊನೆಯಲ್ಲಿ 1042 ಇರುವೆಡೆ 1043 ಎಂದು ಬದಲಾಯಿಸಿದರೆ ಬೇರೆಯವರ ಬಿಲ್ ತೆರೆದುಕೊಳ್ಳುತ್ತದೆ. ‘ದೃಢೀಕರಣ ಸಮರ್ಪಕವಾಗಿಲ್ಲ’ ಎಂದು ಓದಿದ ಡೆವಲಪರ್ ನೇರವಾಗಿ ಲಾಗಿನ್ ಪುಟಕ್ಕೆ ಹೋಗಿ ಒಟಿಪಿ ಸೇರಿಸುತ್ತಾರೆ. ಲೋಪ ಇದ್ದಲ್ಲೇ ಇರುತ್ತದೆ, ಏಕೆಂದರೆ ಇಲ್ಲಿ ದಾಳಿ ಮಾಡುವವರು ಸರಿಯಾದ ಪಾಸ್‌ವರ್ಡ್, ಸರಿಯಾದ ಒಟಿಪಿ ಕೊಟ್ಟು ಒಳಗೆ ಬಂದ ಗ್ರಾಹಕರೇ. ತಿದ್ದಬೇಕಾದದ್ದು ಸರ್ವರ್‌ನಲ್ಲಿ ಆರ್ಡರ್ ತೆಗೆದುಕೊಡುವ ಕ್ವೆರಿಯನ್ನು (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆಯನ್ನು). ಆರ್ಡರ್ ಸಂಖ್ಯೆಯ ಜೊತೆಗೆ ಸೆಶನ್‌ನಲ್ಲಿರುವ (ಲಾಗಿನ್ ಆದಾಗ ಸರ್ವರ್ ನೆನಪಿಟ್ಟ) ಬಳಕೆದಾರರ ಐಡಿಯೂ ಹೊಂದಬೇಕೆಂಬ ಷರತ್ತು ಅಲ್ಲಿ ಬರಬೇಕು. ಆ ಐಡಿಯನ್ನು ಬ್ರೌಸರ್ ಕಳಿಸಿದ ಫಾರ್ಮ್‌ನಿಂದ ತೆಗೆದುಕೊಂಡರೆ ಮತ್ತೆ ಅದೇ ಕಥೆ.

ಆದ್ದರಿಂದ ಪದವನ್ನು ನಿಘಂಟಿನಿಂದ ಆರಿಸುವ ಬದಲು, ತಿದ್ದುಪಡಿ ಕೋಡ್‌ನಲ್ಲಿ ಎಲ್ಲಿ ಆಗಬೇಕು ಎಂಬುದರಿಂದ ಆರಿಸಿ. ‘ಯಾರು?’ ಎಂದು ಕೇಳುವ ಜಾಗಕ್ಕೆ (ಅಥೆಂಟಿಕೇಶನ್) ‘ಗುರುತು ಪರಿಶೀಲನೆ’, ‘ಇವರು ಇದನ್ನು ಮಾಡಬಹುದೇ?’ ಎಂದು ಕೇಳುವ ಜಾಗಕ್ಕೆ (ಆಥರೈಸೇಶನ್) ‘ಅನುಮತಿ ಪರಿಶೀಲನೆ’. ‘ಅಧಿಕೃತ’ ಬೇಡವೇ ಬೇಡ. ಕನ್ನಡದಲ್ಲಿ ಅಧಿಕೃತ ಪ್ರಕಟಣೆ, ಅಧಿಕೃತ ಮಾಹಿತಿ ಎಂದಾಗ ಬರುವ ಅರ್ಥವೇ ಬೇರೆ. ‘ಅಧಿಕೃತೀಕರಣವಿಲ್ಲದ ಪುಟ’ ಎಂದರೆ ಯಾರೋ ಕಟ್ಟಿದ ನಕಲಿ ವೆಬ್‌ಸೈಟ್ ಎಂದೇ ಓದುಗರಿಗೆ ಅನಿಸುತ್ತದೆ. ಅಂದಹಾಗೆ ಈ ಗೊಂದಲ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಬ್ರೌಸರ್‌ಗೆ ಸರ್ವರ್ ಕೊಡುವ ಎಚ್‌ಟಿಟಿಪಿ ಉತ್ತರಸಂಖ್ಯೆಗಳಲ್ಲಿ 401ಕ್ಕೆ ‘ಅನ್‌ಆಥರೈಸ್ಡ್’ ಎಂಬ ಹೆಸರಿದ್ದರೂ ಅದರ ಅರ್ಥ ಗುರುತು ಸಿಕ್ಕಿಲ್ಲ ಎಂದು. ಗುರುತು ಸಿಕ್ಕಿದೆ, ಆದರೆ ಅನುಮತಿ ಇಲ್ಲ ಎನ್ನುವುದಕ್ಕೆ ಇರುವುದು 403. ಹಾಗಾಗಿ ಟಿಕೆಟ್‌ನಲ್ಲಿ ಪದದ ಪಕ್ಕದಲ್ಲೇ ಸಿಡಬ್ಲ್ಯುಇ ಸಂಖ್ಯೆ (ತಂತ್ರಾಂಶ ದೌರ್ಬಲ್ಯದ ಬಗೆಗಳ ಪಟ್ಟಿಯಲ್ಲಿರುವ ಸಂಖ್ಯೆ) ಬರೆಯುವುದು ಒಳ್ಳೆಯದು: ಗುರುತು ಪರಿಶೀಲನೆಯ ಲೋಪಕ್ಕೆ 287, ಅನುಮತಿ ಪರಿಶೀಲನೆ ಇಲ್ಲವೇ ಇಲ್ಲ ಎಂದಾದರೆ 862, ಇದ್ದೂ ತಪ್ಪಾಗಿದ್ದರೆ 863, ಮೇಲಿನ 1042–1043ರ ಉದಾಹರಣೆಗೆ 639.

ನಿಮ್ಮ ಮೊದಲ ವಾಕ್ಯವನ್ನು ಹೀಗೆ ಬರೆಯಬಹುದು:

‘ಅನುಮತಿ ಪರಿಶೀಲನೆ ಇಲ್ಲ (ಸಿಡಬ್ಲ್ಯುಇ-639). ಗ್ರಾಹಕ ಕ ಲಾಗಿನ್ ಆಗಿ, ಗ್ರಾಹಕ ಖ ಅವರ ಆರ್ಡರ್ ಸಂಖ್ಯೆ ಕೊಟ್ಟರೆ ಬಿಲ್ ಕಾಣುತ್ತದೆ. ಆರ್ಡರ್ ಹುಡುಕುವಾಗ ಸೆಶನ್‌ನ ಬಳಕೆದಾರ ಐಡಿಯನ್ನೂ ಹೋಲಿಸಿ. ತಿದ್ದಿದ ಮೇಲೆ ಕ ಅವರ ಸೆಶನ್‌ನಿಂದ ಖ ಅವರ ಆರ್ಡರ್ ಕೇಳಿದರೆ 404 ಬರಬೇಕು. ಪಿಡಿಎಫ್ ಇಳಿಸುವ ಕೊಂಡಿಯನ್ನೂ ಇದೇ ರೀತಿ ಪರೀಕ್ಷಿಸಿ.’

403ರ ಬದಲು 404 (ಸಿಗಲಿಲ್ಲ) ಏಕೆಂದರೆ, 403 ಕೊಟ್ಟರೆ ಆ ಸಂಖ್ಯೆಯ ಆರ್ಡರ್ ಇದೆ ಎಂದು ಹೇಳಿಕೊಟ್ಟಂತಾಗುತ್ತದೆ. ಕೊನೆಯ ಸಾಲು ಮರೆಯಬೇಡಿ. ಪುಟವನ್ನು ತಿದ್ದಿ ಪಿಡಿಎಫ್ ಕೊಂಡಿಯನ್ನು ಹಾಗೇ ಬಿಡುವುದು ಬಹಳ ಕಡೆ ಆಗುತ್ತದೆ.

ಇನ್ನು ‘ಶುದ್ಧೀಕರಣ’. ನಿಮ್ಮ ಪಟ್ಟಿಯಲ್ಲಿ ಹೆಚ್ಚು ಹಾನಿ ಮಾಡುವ ಪದ ಇದೇ. ಒಮ್ಮೆ ಶುದ್ಧ ಮಾಡಿದರೆ ಆಮೇಲೆ ಎಲ್ಲಿ ಬೇಕಾದರೂ ಬಳಸಬಹುದು ಎಂಬ ಭಾವನೆ ಅದರಲ್ಲಿದೆ. ಆದರೆ ಎಚ್‌ಟಿಎಂಎಲ್‌ನ ಪಠ್ಯದಲ್ಲಿ ನಿರಪಾಯವಾದ ಅಕ್ಷರಸರಣಿ ಜಾವಾಸ್ಕ್ರಿಪ್ಟ್ ಒಳಗೆ ಹೋದರೆ ಅಪಾಯ. ಎಲ್ಲಿಗೆ ಹೋಗುತ್ತದೆ ಎಂಬುದೇ ಮುಖ್ಯ. ‘ಆದಾನವನ್ನು ಶುದ್ಧೀಕರಿಸಿ’ ಎಂದು ಬರೆದರೆ ಏನಾಗುತ್ತದೆ ನೋಡಿ. ಡೆವಲಪರ್ ಒಂಟಿ ಉದ್ಧರಣ ಚಿಹ್ನೆಯನ್ನು ಕಿತ್ತುಹಾಕುವ ಒಂದು ಫಂಕ್ಷನ್ ಬರೆಯುತ್ತಾರೆ. ಓ’ಬ್ರಯನ್ ಎಂಬವರ ಹೆಸರು ಕೆಡುತ್ತದೆ. ಇತ್ತ ಸಂಖ್ಯೆ ನಿರೀಕ್ಷಿಸುವ ಜಾಗದಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ (ಇನ್‌ಪುಟ್‌ನಲ್ಲಿ ಡೇಟಾಬೇಸ್ ಆಜ್ಞೆ ನುಸುಳಿಸುವ ದಾಳಿ) ಹಾಗೇ ಉಳಿಯುತ್ತದೆ, ಏಕೆಂದರೆ ಅಲ್ಲಿ ದಾಳಿಗೆ ಉದ್ಧರಣ ಚಿಹ್ನೆಯೇ ಬೇಕಿಲ್ಲ.

ಇಲ್ಲಿರುವುದು ಮೂರು ಬೇರೆ ಕೆಲಸ. ನಿಯಮಕ್ಕೆ ಹೊಂದದಿದ್ದರೆ ಪೂರ್ತಿ ತಿರಸ್ಕರಿಸುವುದು ‘ತಪಾಸಣೆ’ (ವ್ಯಾಲಿಡೇಶನ್). ಬೇಡದ್ದನ್ನು ತೆಗೆದು ಉಳಿದದ್ದನ್ನು ಇಟ್ಟುಕೊಳ್ಳುವುದು ‘ಸೋಸುವುದು’. ಸ್ಯಾನಿಟೈಸ್‌ಗೆ ಈ ಅಡುಗೆಮನೆಯ ಕ್ರಿಯಾಪದವೇ ಸಾಕು. ಮೂರನೆಯದು, ಏನನ್ನೂ ತೆಗೆಯದೆ, ಮುಂದಿನ ಭಾಷೆ ಅದನ್ನು ಆಜ್ಞೆ ಎಂದು ಓದದಂತೆ ಬರೆಯುವುದು. ಇದಕ್ಕೆ ‘ಎಸ್ಕೇಪ್ ಮಾಡು’ ಎಂದೇ ಇರಲಿ. ‘ಅಕ್ಷರಗಳನ್ನು ತಪ್ಪಿಸಿ’ ಎಂದು ಬರೆದರೆ ತೆಗೆದುಹಾಕಿ ಎಂದೇ ಅರ್ಥವಾಗುತ್ತದೆ.

ಟಿಕೆಟ್‌ನಲ್ಲಂತೂ ಈ ಪದಗಳಿಗಿಂತ ಕ್ರಿಯೆಯನ್ನೇ ಬರೆಯಬೇಕು. ಎಸ್‌ಕ್ಯೂಎಲ್ ಇಂಜೆಕ್ಷನ್ (ಸಿಡಬ್ಲ್ಯುಇ-89) ಆದರೆ ‘ಪ್ಯಾರಾಮೀಟರ್ ಕ್ವೆರಿ ಬಳಸಿ’, ಅಂದರೆ ಬಳಕೆದಾರರು ಕೊಟ್ಟದ್ದನ್ನು ಆಜ್ಞೆಯಿಂದ ಬೇರೆಯಾಗಿ ಕಳಿಸಿ. ಸಾಲುಗಳನ್ನು ಕ್ರಮವಾಗಿ ಜೋಡಿಸುವ ಎಸ್‌ಕ್ಯೂಎಲ್‌ನ ‘ಆರ್ಡರ್ ಬೈ’ ನಂತರದ ಕಾಲಂ ಹೆಸರನ್ನು ಪ್ಯಾರಾಮೀಟರ್ ಆಗಿ ಕೊಡಲು ಬರುವುದಿಲ್ಲ, ಅಲ್ಲಿಗೆ ಮಾತ್ರ ‘ಒಪ್ಪಿತ ಹೆಸರುಗಳ ಪಟ್ಟಿಯೊಂದಿಗೆ ತಾಳೆ ನೋಡಿ’. ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ (ಸಿಡಬ್ಲ್ಯುಇ-79, ಪುಟದೊಳಗೆ ಬೇರೆಯವರ ಸ್ಕ್ರಿಪ್ಟ್ ನುಸುಳಿಸುವ ದಾಳಿ) ಆದರೆ ‘ತೋರಿಸುವಾಗ ಟೆಂಪ್ಲೇಟ್‌ನಲ್ಲಿ ಎಸ್ಕೇಪ್ ಮಾಡಿ’. ಬಳಕೆದಾರರು ದಪ್ಪಕ್ಷರ, ಕೊಂಡಿ ಇತ್ಯಾದಿ ಬಳಸಿ ಬರೆಯುವ ಎಡಿಟರ್ ಇದ್ದಲ್ಲಿ ಎಚ್‌ಟಿಎಂಎಲ್ ಉಳಿಯಲೇಬೇಕು; ಡಾಮ್‌ಪ್ಯೂರಿಫೈನಂಥ ಲೈಬ್ರರಿಯಿಂದ ಸೋಸಬೇಕಾದದ್ದು ಅಲ್ಲಿ.

‘ಪಾಸ್‌ವರ್ಡ್‌ಗಳನ್ನು ಗೂಢಲಿಪೀಕರಿಸಿ’ ಎಂಬುದೂ ಇದೇ ಜಾತಿಯದು. ಅದನ್ನು ನಂಬಿ ಎಇಎಸ್ (ಕೀ ಇದ್ದರೆ ಬಿಚ್ಚಬಹುದಾದ ಎನ್‌ಕ್ರಿಪ್ಶನ್) ಬಳಸಿದರೆ, ಕೀ ಸಿಕ್ಕವರಿಗೆ ಎಲ್ಲ ಪಾಸ್‌ವರ್ಡ್‌ಗಳೂ ಸಿಕ್ಕಂತೆ. ‘ಹ್ಯಾಶ್ ಮಾಡಿ’ (ಹಿಂದಕ್ಕೆ ಬಿಚ್ಚಲಾಗದಂತೆ ಬದಲಿಸಿ) ಎಂದೇ ಬರೆಯಿರಿ, ಯಾವುದರಿಂದ ಎಂದೂ ಬರೆಯಿರಿ: ಆರ್ಗಾನ್2ಐಡಿ, ಕನಿಷ್ಠ 19 ಎಂಐಬಿ ಮೆಮೊರಿ, 2 ಸುತ್ತು, ಪ್ಯಾರಲಲಿಸಂ 1. ಹಳೆಯ ಹ್ಯಾಶ್ ವಿಧಾನವಾದ ಬಿಕ್ರಿಪ್ಟ್ ಇದ್ದರೆ ಅದು 72 ಬೈಟ್‌ಗಳನ್ನಷ್ಟೇ ನೋಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕ್ಷ’ ಒಂದಕ್ಕೇ 9. ಅಂದರೆ ಕನ್ನಡದಲ್ಲಿ ಉದ್ದನೆಯ ಪಾಸ್‌ವರ್ಡ್ ಇಟ್ಟವರಿಗೆ 24 ಸಂಕೇತಗಳಾಚೆಗೆ ಬರೆದದ್ದೆಲ್ಲ ವ್ಯರ್ಥ, ಕೆಲವು ಲೈಬ್ರರಿಗಳು ಸದ್ದಿಲ್ಲದೆ ಅದನ್ನು ಕತ್ತರಿಸಿಬಿಡುತ್ತವೆ.

——

ಇನ್ನೊಂದು ಉತ್ತರ:

ಮೇಲಿನವರ ಮಾತಿಗೆ ಬಹುಮಟ್ಟಿಗೆ ಒಪ್ಪಿಗೆ ಇದೆ, ಒಂದು ತಕರಾರಿನ ಜೊತೆ. ಗುರುತಿನ ಚೀಟಿಯ ಚಿತ್ರ ಪಡೆದು ತಾಳೆ ನೋಡುವ ಆ್ಯಪ್‌ಗಳಲ್ಲಿ ‘ಗುರುತು ಪರಿಶೀಲನೆ’ ಎಂದರೆ ಆ ಕೆಲಸವೇ ಆಗಿರುತ್ತದೆ. ‘ಲಾಗಿನ್ ತಪಾಸಣೆ’ ಎನ್ನೋಣವೆಂದರೆ ಒಂದು ಸರ್ವರ್ ಇನ್ನೊಂದಕ್ಕೆ ಟೋಕನ್ ತೋರಿಸುವಲ್ಲಿ ಲಾಗಿನ್ನೇ ಇರುವುದಿಲ್ಲ. ಅಂಥ ತಂಡಗಳಿಗೆ ‘ಅಥೆಂಟಿಕೇಶನ್’ ಇರಲಿ ಬಿಡಿ, ಡೆವಲಪರ್‌ಗಳು ಆಡುವುದೂ ಅದನ್ನೇ.

‘ಬೆದರಿಕೆ’ಯನ್ನು ಕೈಬಿಡುವುದು ಲೇಸು. ಕನ್ನಡದಲ್ಲಿ ಬೆದರಿಕೆ ಎಂದರೆ ಯಾರಾದರೂ ಹಾಕಬೇಕು. ಬೆದರಿಕೆ ಕರೆ, ಬೆದರಿಕೆ ಪತ್ರ. ವಿನ್ಯಾಸದ ಹಂತದಲ್ಲಿ ಕೂತು ಮಾಡುವ ಥ್ರೆಟ್ ಮಾಡೆಲಿಂಗ್‌ನಲ್ಲಿ ಯಾರೂ ಯಾರಿಗೂ ಏನೂ ಹೇಳಿರುವುದಿಲ್ಲ. ಆ ಕಾಲಂಗೆ ‘ಏನು ಕೆಡಬಹುದು?’ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿ ಕೊಡಿ, ಡೆವಲಪರ್‌ಗಳು ಕೇಳದೆಯೇ ತುಂಬಿಸುತ್ತಾರೆ.

‘ದೌರ್ಬಲ್ಯ’ವನ್ನು ಬಗೆಗೆ, ‘ಲೋಪ’ವನ್ನು ಆ ಬಗೆಯ ಒಂದೊಂದು ನಿದರ್ಶನಕ್ಕೆ ಎಂದು ಹಂಚಬಹುದು. ಸಿಡಬ್ಲ್ಯುಇ ಪಟ್ಟಿ ಮಾಡುವುದು ದೌರ್ಬಲ್ಯದ ಬಗೆಗಳನ್ನು; ಸಿವಿಇ ಸಂಖ್ಯೆ ಸಿಗುವುದು ನಿರ್ದಿಷ್ಟ ತಂತ್ರಾಂಶದ ನಿರ್ದಿಷ್ಟ ಲೋಪಕ್ಕೆ. 2021ರ ಡಿಸೆಂಬರ್‌ನಲ್ಲಿ ಬಯಲಾದ, ಲಾಗ್4ಜೆ ಎಂಬ ಲಾಗಿಂಗ್ ಲೈಬ್ರರಿಯ ಲೋಪ ಸಿವಿಇ-2021-44228. ಅದರ ಸಿವಿಎಸ್‌ಎಸ್ (ಲೋಪದ ತೀವ್ರತೆ ಅಳೆಯುವ ಪದ್ಧತಿ) ಮೂಲ ಅಂಕ 10ಕ್ಕೆ 10. ಇದು ‘ತೀವ್ರತೆ’, ‘ಅಪಾಯ’ವಲ್ಲ. ಆ ಲೈಬ್ರರಿ ಬಿಲ್ಡ್ ಯಂತ್ರದಲ್ಲಿ ಮಾತ್ರ ಇದೆಯೋ, ಹೊರಗಿನವರು ಕಳಿಸಿದ ಪಠ್ಯವನ್ನು ಲಾಗ್ ಮಾಡುತ್ತದೆಯೋ ಎಂದು ನೋಡಿದ ಮೇಲೆ ಬರುವುದು ಅಪಾಯ. ನಮೂನೆಯಲ್ಲಿ ಎರಡಕ್ಕೂ ಬೇರೆ ಬೇರೆ ಮನೆ ಇಲ್ಲದಿದ್ದರೆ ಭದ್ರತಾ ತಂಡಕ್ಕೂ ಡೆವಲಪರ್‌ಗಳಿಗೂ ಪ್ರತಿ ಬಿಡುಗಡೆಯ ಹಿಂದಿನ ದಿನ ಜಗಳ.

ಕೇಳದಿದ್ದರೂ ಹೇಳಬೇಕಾದದ್ದು ಟಿಕೆಟ್ ಸ್ಥಿತಿಯ ಪದಗಳ ಬಗ್ಗೆ. ಸ್ಕ್ಯಾನರ್ ಸುಮ್ಮನೆ ಕೂಗಿದ್ದಕ್ಕೆ ‘ಸುಳ್ಳು ಧನಾತ್ಮಕ’ ಎಂದು ಬರೆಯಬೇಡಿ, ‘ಹುಸಿ ಎಚ್ಚರಿಕೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ವೆಬ್ ಫೈರ್‌ವಾಲ್‌ನಲ್ಲಿ ಒಂದು ನಿಯಮ ಹಾಕಿದ್ದು ‘ತಾತ್ಕಾಲಿಕ ತಡೆ’. ಕೋಡ್ ತಿದ್ದಿದಾಗ ಮಾತ್ರ ‘ಸರಿಪಡಿಸಿದೆ’. ಎರಡಕ್ಕೂ ‘ಪರಿಹರಿಸಲಾಗಿದೆ’ ಎಂದು ಬರೆದರೆ, ಫೈರ್‌ವಾಲ್ ಬದಲಾದ ದಿನ ಲೋಪ ಮತ್ತೆ ತೆರೆದುಕೊಳ್ಳುತ್ತದೆ, ಟಿಕೆಟ್ ಮಾತ್ರ ಮುಚ್ಚಿರುತ್ತದೆ. ಇನ್ನು ‘ಒಪ್ಪಲಾಗಿದೆ’ ಎಂಬುದಕ್ಕೆ ಎರಡು ಅರ್ಥ: ಲೋಪ ನಿಜವೆಂದು ಡೆವಲಪರ್ ಒಪ್ಪಿದ್ದು ಒಂದು, ತಿದ್ದದೆ ಹಾಗೇ ಬಿಡಲು ಉತ್ಪನ್ನದ ಹೊಣೆ ಹೊತ್ತವರು ಒಪ್ಪಿದ್ದು ಇನ್ನೊಂದು. ಮೊದಲನೆಯದಕ್ಕೆ ‘ಖಚಿತವಾಗಿದೆ’ ಎನ್ನಿ. ಎರಡನೆಯದಕ್ಕೆ ‘ಅಪಾಯ ಒಪ್ಪಿದೆ’ ಎಂದು ಬರೆದು, ಒಪ್ಪಿದವರ ಹೆಸರನ್ನೂ ಮತ್ತೆ ಪರಿಶೀಲಿಸುವ ತಾರೀಖನ್ನೂ ತುಂಬದಿದ್ದರೆ ಟಿಕೆಟ್ ಮುಚ್ಚಲು ಬಿಡದಂತೆ ಆ ಎರಡು ಮನೆಗಳನ್ನು ಕಡ್ಡಾಯ ಮಾಡಿ.