‘ಐದು ವರ್ಷದ ಉಳಿವು’ ಅಂದರೆ ನಿಮಗೆ ಏನು ಅನ್ಸುತ್ತೆ?

ಗೆಳೆಯರೇ,

ಒಂದು ಮಾತಿಗೆ ಸಿಕ್ಕಿಬಿದ್ದಿದ್ದೇನೆ. ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ನಮ್ಮ ಕೆಳಗಿನ ಮನೆಯವರು ವಿಜಯಪುರದ ಇಂಡಿ ಕಡೆಯವರು. ಅವರ ಕಾಕಾ ಚಿಕಿತ್ಸೆಗೆ ಅಂತ ಊರಿಂದ ಬಂದಿದ್ದಾರೆ, ಮೂಗಿನ ಹಿಂದೆ, ಕಿರುನಾಲಿಗೆಗಿಂತ ಮೇಲೆ ಕ್ಯಾನ್ಸರ್. ಆಸ್ಪತ್ರೆಯ ಮರಾಠಿ ಹಾಳೆಯನ್ನು ಕನ್ನಡ ಮಾಡಿಕೊಡಿ ಅಂದರು, ಮಾಡಿದೆ. ಕೊನೆಯಲ್ಲಿ ‘ಮೊದಲ ಹಂತದಲ್ಲೇ ಗೊತ್ತಾದರೆ ಐದು ವರ್ಷದ ಉಳಿವು ಸುಮಾರು 90%’ ಅಂತ ಬರೆದಿದ್ದೆ. ಕಾಕಾನ ಮಗ ಎರಡು ಸಲ ಓದಿ, ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡು, ‘ಅಂದ್ರ ಐದ ವರ್ಷ ಅಷ್ಟ ಏನ್ರಿ ಸರ?’ ಅಂದ.

ತಪ್ಪು ನಂದೇ. ಒಂದೇ ಹಂತದಲ್ಲಿರುವ 100 ಜನರಲ್ಲಿ ಐದು ವರ್ಷ ದಾಟಿದ ಮೇಲೂ ಎಷ್ಟು ಜನ ಇರುತ್ತಾರೆ ಅನ್ನೋ ಲೆಕ್ಕ ಅದು, ಆಯಸ್ಸಿನ ಗಡುವಲ್ಲ. ಈ ಕಾಯಿಲೆ ಮರುಕಳಿಸಿದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲೇ, ಅದಕ್ಕೇ ಐದನ್ನು ಗುರುತಾಗಿ ಇಟ್ಟುಕೊಂಡಿದ್ದಾರೆ. ಈಗ ‘ಐದು ವರ್ಷ ಕಳೆದ ಮೇಲೂ ಚೆನ್ನಾಗಿರುವವರು’ ಅಂತ ತಿದ್ದಿದ್ದೇನೆ. ‘ಮೇಲೂ’ದ ಆ ಊಕಾರದಲ್ಲೇ ಎಲ್ಲಾ ಇದೆ. ಆದರೆ ‘ಚೆನ್ನಾಗಿ’ ಸುಳ್ಳಾಗುತ್ತಾ? ಲೆಕ್ಕದಲ್ಲಿ ಬರೋದು ಬದುಕಿರುವವರು ಅಷ್ಟೇ, ಹೇಗಿದ್ದಾರೆ ಅನ್ನೋದು ಬರೋಲ್ಲ.

ಇನ್ನು ಆ ಭಾಗದ ತಲೆಬರಹ. ಕಾಯಿಲೆ ಮುಂದೆ ಹೇಗೆ ಸಾಗಬಹುದು ಅನ್ನೋ ಅಂದಾಜಿಗೆ ಡಾಕ್ಟರು ‘ಪ್ರೋಗ್ನೋಸಿಸ್’ ಅಂತಾರೆ. ಅದಕ್ಕೆ ‘ಮುನ್ಸೂಚನೆ’ ಅಂದರೆ ಮಳೆ ನೆನಪಾಗುತ್ತೆ, ‘ಮುನ್ನೋಟ’ ಅಂದರೆ ಬಜೆಟ್ಟು. ಆಯುರ್ವೇದದಲ್ಲಿ ಕಾಯಿಲೆ ಎಷ್ಟು ವಾಸಿಯಾಗುತ್ತೆ ಅನ್ನೋದಕ್ಕೆ ಸಾಧ್ಯ, ಕೃಚ್ಛ್ರಸಾಧ್ಯ (ಕಷ್ಟಪಟ್ಟರೆ ವಾಸಿಯಾಗೋದು), ಯಾಪ್ಯ, ಅಸಾಧ್ಯ ಅಂತ ಇದೆಯಲ್ಲ, ಅದರಲ್ಲಿ ‘ಯಾಪ್ಯ’ ನನಗೆ ಬಹಳ ಇಷ್ಟ: ಪೂರ್ತಿ ವಾಸಿಯಾಗೋಲ್ಲ, ಆದರೆ ಮದ್ದು ನಡೆಯುತ್ತಿರುವಷ್ಟು ಕಾಲ ಹತೋಟಿಯಲ್ಲಿರುತ್ತೆ. ಯಾರಿಗೆ ಗೊತ್ತಿದೆ ಈ ಪದ ಈಗ? ‘ಅಸಾಧ್ಯ’ವಂತೂ ಬೇಡವೇ ಬೇಡ, ನಮ್ಮಲ್ಲಿ ತಲೆಹರಟೆ ಹುಡುಗನಿಗೂ ಅದೇ ಮಾತು. ಮನೆಯವರು ಕೇಳೋದು ‘ಮುಂದ ಹೆಂಗ?’ ಅಂತ. ‘ಮುಂದೆ ಹೇಗೆ’ ಅಂತಲೇ ತಲೆಬರಹ ಕೊಟ್ಟರೆ ತೀರಾ ಹಗುರಾಯ್ತಾ?

‘ಕಾಂಪ್ಲಿಕೇಶನ್’ ಇನ್ನೂ ಗೋಜಲು. ಹಳೆಯ ಪದ ‘ಉಪದ್ರವ’. ನಾನು ಉಡುಪಿಯವನು, ನಮ್ಮಲ್ಲಿ ‘ಉಪದ್ರ’ ಅಂದರೆ ಮಕ್ಕಳ ಕಾಟ. ‘ತೊಡಕು’ ಪರವಾಗಿಲ್ಲ, ಆದರೆ ಇಲ್ಲಿ ಎರಡು ಥರ ಇವೆ. ಒಂದು, ಕಾಯಿಲೆಯೇ ತರೋದು. ಎಷ್ಟೋ ಜನಕ್ಕೆ ಮೊದಲು ಕಾಣೋದು ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಇಲ್ಲವೇ ಒಂದೇ ಕಡೆ ಕಿವಿ ಕಟ್ಟಿದ ಹಾಗೆ ಆಗೋದು, ಯಾಕಂದರೆ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಕೊಳವೆಯ ಬಾಯಿ ಅಲ್ಲೇ ಇದೆ. ಮೇಲಕ್ಕೆ ತಲೆಬುರುಡೆಯ ತಳಕ್ಕೆ ಹತ್ತಿದರೆ ಒಂದು ಎರಡಾಗಿ ಕಾಣುತ್ತೆ, ಕೆನ್ನೆ ಜೋಮು ಹಿಡಿಯುತ್ತೆ. ದೂರ ಹೋದರೆ ಮೂಳೆ, ಶ್ವಾಸಕೋಶ, ಲಿವರ್. ಕಾಕಾ ಕಿವಿಗೆ ಆರು ತಿಂಗಳು ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡಿದ್ದರಂತೆ.

ಇನ್ನೊಂದು, ಚಿಕಿತ್ಸೆ ತರೋದು. ಆ ಜಾಗಕ್ಕೆ ಕತ್ತರಿ ಹಾಕೋದು ಕಷ್ಟ, ಮುಖ್ಯ ಮದ್ದು ರೇಡಿಯೇಶನ್ನೇ, ಕಾಯಿಲೆ ಸ್ವಲ್ಪ ಮುಂದುವರಿದಿದ್ದರೆ ಜೊತೆಗೆ ಕೀಮೋ. ವಾರಕ್ಕೆ 5 ದಿನ, ಸುಮಾರು 7 ವಾರ. (ಊರಲ್ಲಿ ಇದಕ್ಕೆ ‘ಕರೆಂಟ್ ಕೊಡೋದು’ ಅಂತಾರೆ, ಹಿಂದಿಯವರು ‘ಸಿಕಾಯಿ’, ಅಂದರೆ ಕಾವು ಕೊಡೋದು. ಕಾಕಾಗೆ ಅದು ಸೀಗೆಕಾಯಿ ಅಂತಲೇ ಕೇಳಿಸುತ್ತಂತೆ.) ಈಗ ನಾಲ್ಕನೇ ವಾರ. ಮೊನ್ನೆ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಹಿಚುಕಿ, ಒಂದು ತುತ್ತಿಗೆ ಎರಡು ಗುಟುಕು ನೀರು ಕುಡಿಯುತ್ತಿದ್ದರು. ‘ಬಾಯಾಗ ಉಗುಳ ಇಲ್ರಿ’ ಅಂದರು. ಇಂಥದ್ದಕ್ಕೆ ‘ಅಡ್ಡಪರಿಣಾಮ’ ಸರಿಹೋಗುತ್ತೆ. ಆದರೆ ಎಲ್ಲಾ ಮುಗಿದು ವರ್ಷಗಳಾದ ಮೇಲೆ ಹಲ್ಲು ಹುಳುಕಾಗೋದು, ದವಡೆ ಬಿಗಿಯೋದು, ಕಿವಿ ಮಂದವಾಗೋದು, ಥೈರಾಯ್ಡ್ ಕೆಲಸ ಕುಗ್ಗೋದು ಇವೆಯಲ್ಲ, ಅವಕ್ಕೆ? ‘ತಡವಾಗಿ ಬರುವ ತೊಂದರೆ’ ಅಂತ ಹಾಕಿದ್ದೇನೆ, ಬಸ್ಸು ತಡವಾದ ಹಾಗಿದೆ. ‘ಹಿಂದುಳಿಕೆ’ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ.

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯವರು ಮನೆಯಲ್ಲಿ ಏನಂತೀರಿ ಇದಕ್ಕೆಲ್ಲ? ನಿಘಂಟಿನ ಪದ ಬೇಡ, ಬಾಯಲ್ಲಿರೋದು ಹೇಳಿ. ಶನಿವಾರ ಹೊಸ ಹಾಳೆ ಕೊಡ್ತೀನಿ ಅಂದಿದ್ದೇನೆ, ಹಳೆಯದನ್ನು ಹುಡುಗ ಇನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದಾನೆ.