ಮೂರನೇ ಕ್ರಾಸ್ ನಿವಾಸಿಗಳು, ಹುಬ್ಬಳ್ಳಿ: ನೀರಿನ ಟಾಕಿಯ ಹೆಜ್ಜೇನಿನ ವಿಷಯ

ಮನೆ 14, ಬೆಳಿಗ್ಗೆ 6:10
ನಿನ್ನೆ ರಾತ್ರಿ ಖಾಲಿ ಪ್ಲಾಟಿನಲ್ಲಿ ಕಸಕ್ಕೆ ಬೆಂಕಿ ಹಚ್ಚಿದವರು ಯಾರ್ರೀ? ಹೊಗೆ ಸೀದಾ ಟಾಕಿಗೆ ಹೋಗಿ ಹೆಜ್ಜೇನು ಎದ್ದಿದೆ. ಹುಳ ಎಲ್ಲಾ ಲೈಟಿಗೆ ಬಂದಿವೆ. ನನ್ನ ಮಗ ಅಲ್ಲೇ ಶಟಲ್ ಆಡುತ್ತಿದ್ದ. ಕಚ್ಚಿದ್ದು ಎರಡೇ ಹುಳ. ಹತ್ತು ನಿಮಿಷದಲ್ಲಿ ಮೈತುಂಬ ಗಂಧೆ, ತುಟಿ ಬಾತು, ಎರಡು ಸಲ ವಾಂತಿ, ಉಸಿರಾಡಿದರೆ ಸೀಟಿ ಊದಿದ ಹಾಗೆ ಸದ್ದು. ಇನ್ನೂ ಆಸ್ಪತ್ರೆಯಲ್ಲೇ ಇದ್ದೇವೆ. ನಾಲ್ಕು ತಿಂಗಳಿಂದ ಬಡ್ಕೊಂಡೆ. ಯಾರಾದರೂ ಕೇಳಿದಿರಾ?

ಮನೆ 31, 6:12
[ಗುಲಾಬಿ ಚಿತ್ರ] ಶುಭೋದಯ

ಮನೆ 22, 6:20
ಸುಣ್ಣ ಹಚ್ಚಬೇಕಿತ್ತು. ನಾನು ನಿನ್ನೆಯೇ ಫೋನಿನಲ್ಲಿ ಹೇಳಿದೆ. ನನಗೆ ಸಣ್ಣವನಿದ್ದಾಗ ಐವತ್ತು ಹುಳ ಕಚ್ಚಿವೆ, ಏನೂ ಆಗಿಲ್ಲ. ಈಗಿನ ಮಕ್ಕಳಿಗೆ ಕಸುವಿಲ್ಲ.

ಮನೆ 14, 6:23
ಕಾಕಾ, ನಿಮ್ಮ ಸುಣ್ಣ ಹುಡುಕುತ್ತಾ, ಮನೆಯಲ್ಲಿದ್ದ ಅಲರ್ಜಿ ಗುಳಿಗೆ ಕೊಟ್ಟು ಕಾಯುತ್ತಾ ಇಪ್ಪತ್ತು ನಿಮಿಷ ಕಳೆದೆ. ಡಾಕ್ಟರ್ ಬೈದದ್ದು ಅದಕ್ಕೇ.

ಮನೆ 9, 6:41
ನೈಟ್ ಡ್ಯೂಟಿ ಮುಗಿಸಿ ಈಗ ನೋಡಿದೆ. ಅಕ್ಕಾರೆ, ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರಾ? ಅದೇ ಮುಖ್ಯ. ಗುಳಿಗೆಯಿಂದ ತುರಿಕೆ ಕಡಿಮೆಯಾಗುತ್ತದೆ, ಕಟ್ಟಿದ ಉಸಿರು ಬಿಡುವುದಿಲ್ಲ. ಕಾಕಾ, ಇದು ಕಸುವಿನ ಮಾತಲ್ಲ. ಇಂಥ ಅಲರ್ಜಿ ಇದ್ದವರಿಗೆ ಒಂದು ಹುಳವೂ ಸಾಕು.

ಮನೆ 14, 6:44
ಹೌದು, ಕೊಟ್ಟ ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಕೆಲವು ತಾಸು ಬಿಟ್ಟು ಮತ್ತೆ ಬರಬಹುದು ಅಂತ ರಾತ್ರಿಯೆಲ್ಲಾ ಇಟ್ಟುಕೊಂಡರು. ದಸರಾದಲ್ಲೂ ಇವನಿಗೆ ಒಂದು ಕಚ್ಚಿತ್ತು. ಆಗ ಕೈ ಮಾತ್ರ ಬಾತಿತ್ತು. ನಾನು ಈ ಸಲವೂ ಅಷ್ಟೇ ಅಂದುಕೊಂಡೆ.

ಮನೆ 5, 6:50
ಪ್ಲಾಟ್ ಮಾಲೀಕ ಬೆಂಗಳೂರಿನಲ್ಲಿ ಆರಾಮ ಇದ್ದಾನೆ. ಕಸ ಹಾಕುವವರು ಮಾತ್ರ ನಾವೇ. ಬಾಡಿಗೆ ಮನೆಯವರೇ ಜಾಸ್ತಿ.

ಮನೆ 17, 6:51
ಬಾಡಿಗೆಯವರು ಅಂದರೆ ಯಾರು? ಹೆಸರು ಹೇಳಿ. ನಿಮ್ಮ ತೆಂಗಿನ ಗರಿ ಅಲ್ಲೇ ಬಿದ್ದಿದೆ, ಫೋಟೋ ಹಾಕಲಾ?

ಮನೆ 5
ಈ ಸಂದೇಶವನ್ನು ಅಳಿಸಲಾಗಿದೆ

ಮನೆ 22, 7:02
ಟಾಕಿ ಕಟ್ಟುವಾಗಲೇ ನಾನು ಬೇಡ ಅಂದಿದ್ದೆ. ಆಗ ನಾನೊಬ್ಬನೇ ಸಹಿ ಹಾಕಿರಲಿಲ್ಲ. ಫೈಲ್ ನನ್ನ ಹತ್ತಿರ ಇದೆ. ಪೆಟ್ರೋಲ್ ಸುರಿದು ಹುಟ್ಟು ಸುಟ್ಟರೆ ಹತ್ತು ನಿಮಿಷದ ಕೆಲಸ.

ಮನೆ 9, 7:05
ದಯವಿಟ್ಟು ಬೇಡ. ಹೊಗೆಗೇ ಇಷ್ಟಾಗಿದೆ. ಜೇನು ಬಿಡಿಸುವವರನ್ನೇ ಕರೆಸೋಣ. ಅಲ್ಲಿಯವರೆಗೆ ಆ ಲೈಟ್ ಹಾಕಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಜೇನು ಕಚ್ಚಿದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ. ತಡ ಮಾಡಿದಷ್ಟೂ ವಿಷ ಇಳಿಯುತ್ತದೆ. ಕಡಜ ಮುಳ್ಳು ಬಿಡುವುದಿಲ್ಲ, ಸುಮ್ನೆ ಹುಡುಕುತ್ತಾ ಕೂರಬೇಡಿ. ಉಸಿರು ಕಟ್ಟಿದರೆ, ಮುಖ ಬಾತರೆ 108ಕ್ಕೆ ಫೋನ್ ಮಾಡಿ. ಮಗುವನ್ನು ಎಬ್ಬಿಸಿ ನಡೆಸಬೇಡಿ, ಮಲಗಿಸಿ. ಮಲಗಿದರೆ ಉಸಿರಿಗೆ ಕಷ್ಟವಾದರೆ ಕೂರಿಸಿ.

ಮನೆ 14, 7:07
ನಾನು ಮೆಟ್ಟಿಲು ಇಳಿಸಿ ನಡೆಸಿಕೊಂಡೇ ಹೋದೆ.

ಮನೆ 28, 7:09
ಬಿಡಿಸಿದ ಜೇನುತುಪ್ಪ ಯಾರಿಗೆ? ಅರ್ಧ ಕೆಜಿ ನನಗೆ ಬುಕ್ 😄

ಮನೆ 31, 7:10
*ಫಾರ್ವರ್ಡ್ ಮಾಡಲಾಗಿದೆ:* ಈರುಳ್ಳಿ ರಸ ಹಚ್ಚಿದರೆ ಹಾವು, ಚೇಳು, ಜೇನು ಎಲ್ಲಾ ವಿಷ ಮಾಯ! ಹತ್ತು ಜನಕ್ಕೆ ಕಳಿಸಿ.

ಮನೆ 9, 7:11
ವೈನಿ, ಅದನ್ನು ಡಿಲೀಟ್ ಮಾಡಿ.

ಕಾರ್ಯದರ್ಶಿ, 7:30
ಎಲ್ಲರೂ ಶಾಂತ ರೀತಿ ಇರಿ. ಮನೆಗೆ 200 ರೂಪಾಯಿ ಹಾಕಿದರೆ ಭಾನುವಾರ ಜೇನಿನವರನ್ನು ಕರೆಸುತ್ತೇನೆ. ಒಪ್ಪಿದವರು ಹೆಬ್ಬೆರಳು ತೋರಿಸಿ.

ಮನೆ 17, 7:32
👍

ಮನೆ 22, 7:33
ಯಾಕೆ 200? ಗಣೇಶ ಹಬ್ಬದ ದುಡ್ಡಿನಲ್ಲಿ ಉಳಿದದ್ದು ಎಲ್ಲಿ? ಮೊದಲು ಲೆಕ್ಕ ಕೊಡಿ.

ಮನೆ 5, 7:34
ಕಾಕಾ ಹೇಳಿದ್ದು ಸರಿ ಇದೆ. ಲೆಕ್ಕ ಬರಲಿ.

ಕಾರ್ಯದರ್ಶಿ, 7:40
ಪೆಂಡಾಲಿನವನ ಬಾಕಿ ಕೊಟ್ಟೆ. ರಸೀದಿ ನಮ್ಮ ಮನೆಗೆ ಬಂದು ನೋಡಿ.

ಮನೆ 28, 8:15
ಅರ್ಜೆಂಟ್!! ವಾಲ್‌ಮನ್ ಬಂದಿದ್ದಾನೆ. ನೀರು ಬಿಡ್ತಾ ಇದ್ದಾನೆ.

ಮನೆ 22, 8:16
ಯಾವ ಸಾಲಿಗೆ ಮೊದಲು? ಹೋದ ಸಲ ನಮಗೆ ಕೊನೆಗೆ ಬಿಟ್ಟ, ಅರ್ಧ ಸಿಂಟೆಕ್ಸೂ ತುಂಬಲಿಲ್ಲ.

ಮನೆ 5, 8:16
ಮೋಟರ್ ಹಚ್ಚಿ ಎಳೆಯುವವರು ಬಂದ್ ಮಾಡಿ. ಯಾರು ಅಂತ ಗೊತ್ತಿದೆ.

ಮನೆ 17, 8:18
ಮತ್ತೆ ಬಾಡಿಗೆಯವರೇನಾ?

ಕಾರ್ಯದರ್ಶಿ, 8:25
ನೀರಿನ ಬಗ್ಗೆ ಭಾನುವಾರ 10ಕ್ಕೆ ಗುಡಿ ಕಟ್ಟೆಯ ಮೇಲೆ ಮೀಟಿಂಗ್. ಎಲ್ಲರೂ ಬನ್ನಿ.

ಮನೆ 14, 11:52
ಡಿಸ್ಚಾರ್ಜ್ ಆಯಿತು. ಅಲರ್ಜಿ ಡಾಕ್ಟರಿಗೆ ತೋರಿಸಲು ಬರೆದುಕೊಟ್ಟಿದ್ದಾರೆ. ಭಾನುವಾರ ಜೇನಿನವರು ಬರ್ತಾರಾ?

ಮನೆ 28, 11:55
ನಮ್ಮ ಸಾಲಿಗೆ ನೀರು ನಿಂತಿತು. ನಿಮಗೆ?