ಹತ್ತು ವರ್ಷ ಬಾಳುವ ಬೈಕ್ ಬೂಟು: ಕೊಳ್ಳುವಾಗ ಏನು ನೋಡಬೇಕು, ಆಮೇಲೆ ಹೇಗೆ ಕಾಪಾಡಬೇಕು?

ಅಘನಾಶಿನಿ_ಸವಾರ ಕೇಳಿದ್ದು:
ಕುಮಟಾದಲ್ಲಿದ್ದೇನೆ. ದಿನಾ ಕೆಲಸಕ್ಕೆ ಬೈಕು, ರಜೆ ಸಿಕ್ಕರೆ ಘಟ್ಟ. ಒಮ್ಮೆ ದುಡ್ಡು ಹಾಕಿದರೆ ಹತ್ತು ವರ್ಷ ಬರುವಂಥ ಬೂಟು ಬೇಕು. ಈಗಿರುವ ಜೋಡಿ ಹೆಚ್ಚಾಗಿ ಡಬ್ಬಿಯಲ್ಲೇ ಇತ್ತು. ಚರ್ಮಕ್ಕೆ ಏನೂ ಆಗಿಲ್ಲ, ಅಟ್ಟೆ ಮಾತ್ರ ಹಳಸಿದ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಹೀಗೇಕೆ? ವಾಟರ್‌ಪ್ರೂಫ್ ತಗೊಳ್ಳಲೋ, ಬರೀ ಚರ್ಮದ್ದೋ? ಎಣ್ಣೆ ಹಚ್ಚಬೇಕೋ? ಅಟ್ಟೆ ಬದಲಿಸುವುದು ನಮ್ಮ ಕಡೆ ಆಗುವ ಕೆಲಸವೋ? ಗೊತ್ತಿದ್ದವರು ಹೇಳಿ.

ಎರಡು_ಸ್ಟ್ರೋಕ್:
ಉದುರಿದ್ದು ರಬ್ಬರ್ ಅಲ್ಲ, ಪಾಲಿಯುರೆಥೇನ್, ಅಂದರೆ ಪಿಯು ನೊರೆ. ಹಗುರ, ಮೆತ್ತಗೆ, ನಡೆಯಲು ಹಿತ. ಹಾಗಾಗಿ ರಬ್ಬರ್ ತಳದ ಮೇಲಿನ ಮಧ್ಯದ ಪದರಕ್ಕೆ ಅದನ್ನೇ ಹಾಕುತ್ತಾರೆ. ಪಾಲಿಎಸ್ಟರ್ ಬಗೆಯ ಪಿಯುವಿನ ಕೊಂಡಿಗಳನ್ನು ಗಾಳಿಯ ತೇವವೇ ಮುರಿಯುತ್ತದೆ. ಮುರಿದಾಗ ಹುಟ್ಟುವ ಆಮ್ಲ ಉಳಿದ ಕೊಂಡಿಗಳನ್ನೂ ಬೇಗ ಮುರಿಸುತ್ತದೆ. ಸೆಖೆ, ತೇವ ಎರಡೂ ಇರುವ ಕರಾವಳಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಾಕಿಕೊಂಡರೂ ಅಷ್ಟೇ, ಡಬ್ಬಿಯಲ್ಲಿಟ್ಟರೂ ಅಷ್ಟೇ. ತಯಾರಾದ ದಿನದಿಂದಲೇ ಆಯಸ್ಸು ಕರಗುತ್ತ ಬರುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ನಾಲಿಗೆಯ ಒಳಗಿನ ಚೀಟಿ. ತಯಾರಾದ ತಿಂಗಳು, ವರ್ಷ ಅದರಲ್ಲಿರುತ್ತದೆ. ಅರ್ಧ ಬೆಲೆಗೆ ಸಿಗುವ ನಾಲ್ಕು ವರ್ಷದ ಹಳೆ ಸ್ಟಾಕು ಅಗ್ಗವಲ್ಲ. ಹಳೆ ಜೋಡಿ ಕೊಳ್ಳುವುದಾದರೆ ಅಟ್ಟೆಯ ಪಕ್ಕಕ್ಕೆ ಉಗುರು ಒತ್ತಿ. ಗುಳಿ ಹಾಗೇ ಉಳಿದರೆ, ಅಂಟಂಟಾಗಿದ್ದರೆ ಅಥವಾ ಕೂದಲೆಳೆಯ ಬಿರುಕು ಕಂಡರೆ ಕೈಬಿಡಿ. ಇಡೀ ಅಟ್ಟೆ ರಬ್ಬರಿನದೇ ಆಗಿದ್ದರೆ ತೂಕ ಹೆಚ್ಚು, ಆದರೆ ಈ ರೋಗ ಬರುವುದಿಲ್ಲ.

ಅಟ್ಟೆಮೊಳೆ:
ರಿಪೇರಿ ಕಡೆಯಿಂದ ಹೇಳುತ್ತೇನೆ. ಬೂಟು ಎಷ್ಟು ವರ್ಷ ಬರುತ್ತದೆ ಎನ್ನುವುದಕ್ಕಿಂತ ಏನೇನು ಬಿಚ್ಚಿ ಬದಲಿಸಬಹುದು ಎಂದು ಕೇಳಿ. ಚರ್ಮ ಸಾಯುವುದು ಕೊನೆಗೆ. ಅಟ್ಟೆ, ಜಿಪ್ಪು, ಒಳಗಿನ ವಾಟರ್‌ಪ್ರೂಫ್ ಪೊರೆ ಅದಕ್ಕಿಂತ ಮೊದಲೇ ಹೋಗುತ್ತವೆ.

ಗುಡ್‌ಇಯರ್ ವೆಲ್ಟ್ ಆದರೆ ಮೇಲ್ಚರ್ಮ, ಒಳ ಅಟ್ಟೆ, ಸುತ್ತಲಿನ ಚರ್ಮದ ಪಟ್ಟಿ ಮೂರನ್ನೂ ಸೇರಿಸಿ ಒಂದು ಹೊಲಿಗೆ ಇರುತ್ತದೆ. ಹೊರ ಅಟ್ಟೆಯನ್ನು ಆ ಪಟ್ಟಿಗೆ ಬೇರೆಯೇ ಹೊಲಿಗೆ ಹಿಡಿದಿರುತ್ತದೆ. ಬದಲಿಸುವಾಗ ಹೊರಗಿನದನ್ನು ಮಾತ್ರ ಕತ್ತರಿಸುತ್ತೇವೆ, ಮೇಲ್ಚರ್ಮಕ್ಕೆ ಹೊಸ ತೂತು ಬೀಳುವುದಿಲ್ಲ. ಪಟ್ಟಿ ಗಟ್ಟಿಯಿದ್ದರೆ ಎರಡು ಮೂರು ಸಲ ನಿಶ್ಚಿಂತೆಯಿಂದ ಅಟ್ಟೆ ಹಾಕಬಹುದು. ಮೇಲ್ಚರ್ಮವನ್ನೇ ಹೊರಕ್ಕೆ ಮಡಚಿ ಹೊಲಿದ ಬಗೆಯೂ ರಿಪೇರಿಗೆ ಒಳ್ಳೆಯದು. ಬರೀ ಅಂಟಿಸಿದ್ದಾದರೆ ಹಳೆಯದನ್ನು ಉಜ್ಜಿ ತೆಗೆದು ಹೊಸದು ಅಂಟಿಸಬಹುದು. ಟೂರಿಂಗ್ ಬೂಟುಗಳಲ್ಲಿ ಬಹುಪಾಲು ಇವೇ. ಅಚ್ಚಿನಲ್ಲಿ ಪಿಯುವನ್ನು ನೇರವಾಗಿ ಮೇಲ್ಚರ್ಮಕ್ಕೆ ಸುರಿದು ಮಾಡಿದ್ದು ಮಾತ್ರ ತಲೆನೋವು. ಸುತ್ತಲೂ ಹೊಲಿಗೆ ಕಂಡ ಮಾತ್ರಕ್ಕೆ ನಂಬಬೇಡಿ. ಪಟ್ಟಿಗೂ ಅಟ್ಟೆಗೂ ನಡುವೆ ಗೆರೆಯೇ ಇಲ್ಲದೆ ಒಂದೇ ತುಂಡಾಗಿದ್ದರೆ ಆ ಹೊಲಿಗೆ ಬರೀ ಅಲಂಕಾರ.

ಅಂಟಿನ ವಿಷಯ. ಬಾಯಿಬಿಟ್ಟ ಅಟ್ಟೆಗೆ ಫೆವಿಕ್ವಿಕ್ ಹಾಕಿ ನಮ್ಮ ಹತ್ತಿರ ತರಬೇಡಿ. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಬೆರಳ ಬುಡದಲ್ಲಿ ಬೂಟು ಮಡಚಿದಾಗ ಒಡೆಯುತ್ತದೆ, ಆಮೇಲೆ ಕೆರೆದು ತೆಗೆಯುವುದೇ ದೊಡ್ಡ ಕೆಲಸ. ಸರಿಯಾದ ಕ್ರಮ: ಎರಡೂ ಮುಖವನ್ನು 80 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಧೂಳು ಒರೆಸಿ, ಪಾದರಕ್ಷೆಗೆಂದೇ ಬರುವ ಪಿಯು ಅಂಟನ್ನು ಎರಡು ತೆಳು ಪದರವಾಗಿ ಹಚ್ಚಬೇಕು. 10–15 ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಬಿಸಿಗಾಳಿ ಕೊಟ್ಟು ಒತ್ತಿ, ಸುತ್ತಿಗೆಯಲ್ಲಿ ತಟ್ಟಿ, 24 ಗಂಟೆ ಬಿಗಿದಿಡಿ. ಹೊಸ ಅಟ್ಟೆಗೆ ನೈಟ್ರೈಲ್ ರಬ್ಬರ್ ಕೇಳಿ. ಕ್ರೇಪ್ (ಕಚ್ಚಾ ರಬ್ಬರ್) ಬೇಡ, ಪೆಟ್ರೋಲು ಆಯಿಲು ತಗುಲಿದರೆ ಉಬ್ಬುತ್ತದೆ.

ಇನ್ನೊಂದು: ಅಟ್ಟೆ ಬಿಚ್ಚಿದಾಗ ನಡುವಿನ ಉಕ್ಕಿನ ಪಟ್ಟಿಗೆ ತುಕ್ಕು ಹಿಡಿದಿದೆಯಾ ಎಂದು ತೋರಿಸಲು ಹೇಳಿ. ಫುಟ್‌ಪೆಗ್ ಮೇಲೆ ನಿಂತಾಗ ಭಾರ ಹೊರುವುದು ಅದೇ. ಉಪ್ಪುಗಾಳಿಯ ಊರಲ್ಲಿ ಇದನ್ನು ಬಿಡಬಾರದು.

ಚಾರ್ಮಾಡಿ_ತಿರುವು:
ಮಳೆಯ ಮಾತಿಗೆ ಬರೋಣ. ಗೋರ್‌ಟೆಕ್ಸ್ ಥರದ ಪೊರೆ ಎಂದರೆ ಚರ್ಮಕ್ಕೂ ಒಳಬಟ್ಟೆಗೂ ನಡುವೆ ಇರುವ ಒಂದು ಕಾಲುಚೀಲ. ಕಾಲು ಮಡಚುವ ಜಾಗದಲ್ಲಿ ಸವೆದು, ಒಳಗೆ ಸೇರಿದ ಮರಳಿನಿಂದ, ಉದ್ದ ಉಗುರಿನಿಂದ ತೂತಾಗುತ್ತದೆ. ತೂತಾದರೆ ಇಲ್ಲಿ ರಿಪೇರಿ ಇಲ್ಲ. ಅಂಥ ಬೂಟಿಗೆ ಯಾರಾದರೂ ಸೂಜಿ ಹಾಕಿದರೆ ಪ್ರತಿ ತೂತೂ ಒಂದು ಸೋರಿಕೆ.

ಸೋರುತ್ತಿದೆ ಎಂದು ತೀರ್ಮಾನಿಸುವ ಮೊದಲು ಪರೀಕ್ಷೆ ಮಾಡಿ. ಒಣಗಿದ ಬೂಟಿನೊಳಗೆ ಪೇಪರ್ ತುರುಕಿ, ಹರಡಿನ ಮಟ್ಟಕ್ಕೆ ಬಕೆಟ್ ನೀರಲ್ಲಿ 15 ನಿಮಿಷ ನಿಲ್ಲಿಸಿ. ಪೇಪರ್ ಒಣಗೇ ಇದ್ದರೆ ಕಾಲು ಒದ್ದೆಯಾಗಿದ್ದು ಬೆವರಿನಿಂದ, ಇಲ್ಲವೇ ಮೇಲಿಂದ ಇಳಿದ ನೀರಿನಿಂದ. ಎಷ್ಟೋ ಸಲ ತಪ್ಪು ಪ್ಯಾಂಟಿನದು: ರೇನ್ ಪ್ಯಾಂಟನ್ನು ಬೂಟಿನ ಒಳಗೆ ತೂರಿಸುವವರ ಬೂಟು ತುಂಬದೆ ಇನ್ನೇನು! ಪಕ್ಕದ ಜಿಪ್ಪಿನ ಹಿಂದೆ ಇರುವ ಮಡಿಕೆ ಎಷ್ಟು ಎತ್ತರಕ್ಕಿದೆಯೋ ಅಷ್ಟೇ ವಾಟರ್‌ಪ್ರೂಫ್.

ನಿಮ್ಮ ಬಳಕೆಗೆ ನನ್ನ ಮತ ಬರೀ ಚರ್ಮದ ಬೂಟು, ಮಳೆಗೆ ಮೇಲೊಂದು ಕವರು. ಕುಮಟಾದ ಜೂನ್–ಜುಲೈಯಲ್ಲಿ ಹೊರಗೂ ಒಳಗೂ ಒಂದೇ ತೇವ. ಪೊರೆ ಬೆವರನ್ನು ಹೊರಗೆ ತಳ್ಳಲು ಬೇಕಾದ ವ್ಯತ್ಯಾಸವೇ ಇರುವುದಿಲ್ಲ. ಒದ್ದೆಯಾದರೆ ಒಣಗಲೂ ಎರಡು ದಿನ ಸಾಲದು.

ಎರಡು_ಸ್ಟ್ರೋಕ್:
ದಿನದ ಓಡಾಟಕ್ಕೆ ಒಪ್ಪಿದೆ. ಲಡಾಖ್‌ನಂಥ ಚಳಿಯ ದೂರ ಪ್ರವಾಸ ಇದ್ದರೆ ಪೊರೆಯ ಬೂಟೇ ಬೇಕು, ಕವರು ಕಾಲುದಾರಿಯಲ್ಲಿ ಹರಿಯುತ್ತದೆ.

ಮಲ್ನಾಡ್_ಥಂಪರ್:
ಎಣ್ಣೆ ಬಗ್ಗೆ. ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ಚರ್ಮದ ಮೇಲೆ ಬಿಳಿ ಪದರ ಏಳುತ್ತದೆ. ಜಾಸ್ತಿಯಾದರೆ ಚರ್ಮ ಜೋತು ಬೀಳುತ್ತದೆ, ಅಟ್ಟೆಯ ಅಂಟಿಗೂ ಇಳಿಯುತ್ತದೆ. ಜೇನುಮೇಣ ಬೆರೆತ ಕಂಡೀಷನರ್ ಸಾಕು. ಒಂದು ಬೂಟಿಗೆ ಅರ್ಧ ಚಮಚ, ಬಟ್ಟೆಯಲ್ಲಿ ತೆಳ್ಳಗೆ ತೀಡಿ, ರಾತ್ರಿ ಬಿಟ್ಟು, ಬೆಳಗ್ಗೆ ಬ್ರಷ್. ವರ್ಷಕ್ಕೆ ಮೂರು ಸಲ: ಮಳೆಗೆ ಮೊದಲು, ಮಳೆ ಮುಗಿದ ಮೇಲೆ, ಬೇಸಿಗೆಯ ನಡುವೆ. ಹೊಲಿಗೆಯ ಸಾಲಿಗೂ ನಾಲಿಗೆ ಸೇರುವ ಮೂಲೆಗೂ ತಾಗಿಸಿ, ಒಡೆಯುವುದು ಅಲ್ಲೇ. ಪೊರೆಯಿರುವ ಬೂಟಿಗೆ ಮೇಣ ಮೆತ್ತಬೇಡಿ. ನೀರು ಆಧಾರಿತ ಪ್ರೂಫಿಂಗ್ ದ್ರವ ಹಾಕಿ.

ಮೇಲೆ ದಪ್ಪ ಪ್ಲಾಸ್ಟಿಕ್ ಲೇಪನವಿರುವ ಹೊಳಪಿನ ಚರ್ಮಕ್ಕೆ ಯಾವ ಕಂಡೀಷನರೂ ಇಳಿಯುವುದಿಲ್ಲ. ಅದು ಸಿಪ್ಪೆಯೇಳಲು ಶುರುವಾದರೆ ಮುಗಿಯಿತು. ಮಡಚಿದಾಗ ಸಣ್ಣ ರಂಧ್ರ, ನಿರಿಗೆ ಕಾಣುವ 2ರಿಂದ 2.5 ಮಿ.ಮೀ. ದಪ್ಪದ ಫುಲ್‌ಗ್ರೇನ್ ಚರ್ಮ, ಅಂದರೆ ಮೇಲ್ಪದರ ಉಜ್ಜಿ ತೆಗೆಯದ್ದು, ಆರಿಸಿ.

ಒದ್ದೆಯಾದರೆ: ಒಳಹಾಸು ಹೊರಗೆ ತೆಗೆಯಿರಿ, ಪೇಪರ್ ತುಂಬಿ, ಒಂದು ಗಂಟೆಗೆ ಬದಲಿಸಿ, ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ. ಫ್ಯಾನ್ ಗಾಳಿ ಸಾಕು. ಬಚ್ಚಲ ಒಲೆಯ ಪಕ್ಕ, ಸೈಲೆನ್ಸರ್ ಮೇಲೆ, ಉರಿಬಿಸಿಲಲ್ಲಿ ಇಡಬೇಡಿ. ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿ. ಮೊದಲ ಸಲ ಮಡಚಿದಾಗಲೇ ಬಿರುಕು. ಬೂಷ್ಟು ಬಂದರೆ ಮನೆಯ ಹೊರಗೆ ಒಣ ಬ್ರಷ್ಷಿನಲ್ಲಿ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲಷ್ಟೇ ಕಂಡೀಷನರ್. ಬೂಷ್ಟು ಹಿಡಿದ ಒಳಹಾಸನ್ನು ಎಸೆಯಿರಿ. ಮಳೆಗಾಲದಲ್ಲಿ ಡಬ್ಬಿಯೂ ಬೇಡ, ಪ್ಲಾಸ್ಟಿಕ್ ಚೀಲವೂ ಬೇಡ. ಗಾಳಿಯಾಡುವ ಕಪಾಟು, ಒಳಗೆ ಪೇಪರ್.

ಅಟ್ಟೆಮೊಳೆ:
ಎಡಗಾಲಿನ ಬೂಟನ್ನು ಮರೆತಿರಿ. ಗೇರ್ ಲಿವರ್ ಉಜ್ಜುವ ಜಾಗ ಬಲಗಾಲಿಗಿಂತ ಎಷ್ಟೋ ಮೊದಲು ಸವೆಯುತ್ತದೆ. ಹೆಚ್ಚುವರಿ ಚರ್ಮವೋ ರಬ್ಬರೋ ಹೊಲಿದಿರುವುದನ್ನೇ ಕೊಳ್ಳಿ. ಲಿವರಿನ ರಬ್ಬರ್ ಕಳಚಿ ಬರೀ ಕಬ್ಬಿಣ ಉಳಿದಿದ್ದರೆ ಮೊದಲು ಅದನ್ನು ಹಾಕಿಸಿ, ಬಹಳ ಕಡಿಮೆ ಖರ್ಚಿನ ಕೆಲಸ. ಹಲ್ಲಿರುವ ಲೋಹದ ಫುಟ್‌ಪೆಗ್ ಅಟ್ಟೆಯ ನಡುಭಾಗವನ್ನು ಕೊರೆಯುತ್ತದೆ. ಹಿಮ್ಮಡಿಯ ಹೊರ ಅಂಚು ಸಿಗ್ನಲ್ಲಿನಲ್ಲಿ ಕಾಲು ಊರಿ ಊರಿ ಸವೆಯುತ್ತದೆ. ಹಿಮ್ಮಡಿಯ ಕೆಳಗಿನ ತುಂಡನ್ನು ಸಕಾಲಕ್ಕೆ ಬದಲಿಸಿದರೆ ಇಡೀ ಅಟ್ಟೆ ತೆಗೆಯುವ ಪ್ರಮೇಯ ಮುಂದಕ್ಕೆ ಹೋಗುತ್ತದೆ.

ಜಿಪ್ಪು: ಮುಚ್ಚಿದ ಮೇಲೆ ಹಿಂದಿನಿಂದ ಬಿಚ್ಚಿಕೊಂಡರೆ ಹಲ್ಲಿನ ತಪ್ಪಲ್ಲ, ಎಳೆಯುವ ಸ್ಲೈಡರ್ ಅಗಲವಾಗಿದೆ. ಇಕ್ಕಳದಲ್ಲಿ ಎರಡೂ ಪಕ್ಕ ಹಗುರಾಗಿ ಒತ್ತಿ. ಮತ್ತೆ ಹಾಗಾದರೆ ಸ್ಲೈಡರ್ ಮಾತ್ರ ಬದಲಿಸಿ. ಕೆಸರನ್ನು ಹಳೆ ಟೂತ್‌ಬ್ರಷ್ಷಿನಲ್ಲಿ ತೊಳೆದು ಮೇಣದ ಬತ್ತಿ ಉಜ್ಜಿ.

ಯಾರ್ಕ್‌ಷೈರ್_ಕನ್ನಡಿಗ:
ಚೀಟಿಯಲ್ಲಿ ಇಎನ್ 13634:2017 (ಬೈಕ್ ಬೂಟಿನ ಯುರೋಪಿಯನ್ ಮಾನದಂಡ) ಎಂದಿದ್ದರೆ ಬೈಕ್ ಚಿತ್ರದ ಕೆಳಗೆ ನಾಲ್ಕು ಅಂಕೆ ನೋಡಿ. ಕ್ರಮವಾಗಿ ಎತ್ತರ, ಉಜ್ಜುವಿಕೆ, ಕತ್ತರಿಕೆ, ಅಡ್ಡ ಒತ್ತಡಕ್ಕೆ ಅಟ್ಟೆಯ ತಡೆ. ಪ್ರತಿಯೊಂದೂ 1 ಅಥವಾ 2, 2 ಹೆಚ್ಚು. ಪಕ್ಕದಲ್ಲಿ ಐಪಿಎ ಇದ್ದರೆ ಹರಡಿನ ಪೆಟ್ಟಿಗೆ ಪರೀಕ್ಷೆಯಾಗಿದೆ, ಡಬ್ಲ್ಯುಆರ್ ಇದ್ದರೆ ನೀರಿಗೆ. ದಿನದ ಬಳಕೆಗೆ ಕೊನೆಯ ಅಂಕೆ 2 ಇರುವುದನ್ನೇ ಹುಡುಕಿ, ಬೈಕು ಕಾಲ ಮೇಲೆ ಬಿದ್ದಾಗ ಕೆಲಸಕ್ಕೆ ಬರುವುದು ಅದು. ಇಲ್ಲಿ ಇಂಗ್ಲೆಂಡಿನ ರಿಚ್ಮಂಡ್‌ನ ಆಲ್ಟ್‌ಬರ್ಗ್ ಎಂಬ ಬೂಟು ಕಂಪನಿಯವರು ತಮ್ಮ ಬೂಟಿಗೆ ತಾವೇ ಹೊಸ ಅಟ್ಟೆ ಹಾಕಿಕೊಡುತ್ತಾರೆ. ಇಟಲಿಯ ಸಿಡಿ (Sidi) ಕಂಪನಿಯ ಕ್ರಾಸ್‌ಫೈರ್ 3 ಎಸ್‌ಆರ್‌ಎಸ್ ಬೂಟಿನಲ್ಲಿ ಸ್ಕ್ರೂ ತೆಗೆದು ಅಟ್ಟೆಯ ತುಂಡು ಬದಲಿಸಬಹುದು. ಆದರೆ ಅದು ಮೋಟೋಕ್ರಾಸ್ ಬೂಟು, ಆಫೀಸಿಗೆ ಹಾಕಿಕೊಂಡು ನಡೆಯುವಂಥದ್ದಲ್ಲ.

ಅಘನಾಶಿನಿ_ಸವಾರ:
ಎಲ್ಲರಿಗೂ ಧನ್ಯವಾದ. ಹಳೆ ಜೋಡಿಗೆ ಹೊಸ ಅಟ್ಟೆ ಹಾಕಿಸಬಹುದೇ? ಚರ್ಮ ಚೆನ್ನಾಗಿದೆ, ಪೊರೆ ಇಲ್ಲ.

ಅಟ್ಟೆಮೊಳೆ:
ಒಳಹಾಸು ಎತ್ತಿ ಕೆಳಗಿನ ಹಲಗೆ ನೋಡಿ ಸರ್. ಒತ್ತಿದರೆ ಗಟ್ಟಿಯಿದ್ದು, ಪದರ ಬಿಡದಿದ್ದರೆ ಹಾಕಬಹುದು. ಮೆತ್ತಗಾಗಿದ್ದರೆ ದುಡ್ಡು ದಂಡ. ಪುಡಿ ಪಿಯು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಸ್ವಲ್ಪ ಉಳಿದರೂ ಹೊಸ ಅಂಟು ಆ ಪುಡಿಯನ್ನೇ ಹಿಡಿದು ಕಳಚಿ ಬರುತ್ತದೆ. ಮಧ್ಯದ ಪದರಕ್ಕೂ ರಬ್ಬರ್ ಹಾಳೆ ಹಾಕಲು ಹೇಳಿ.

ಅಟ್ಟೆ ದಪ್ಪವಾದರೆ ಗೇರ್ ಲಿವರಿನ ಕೆಳಗೆ ಬೆರಳು ತೂರುವುದಿಲ್ಲ. ಲಿವರಿನ ಬೋಲ್ಟು ಪೂರ್ತಿ ತೆಗೆದು, ಹಲ್ಲಿನ ಶಾಫ್ಟಿನಿಂದ ಎಳೆದು, ಒಂದು ಹಲ್ಲು ಮೇಲಕ್ಕೆ ಕೂರಿಸಿ. ಲಿವರಿಗೂ ಶಾಫ್ಟಿಗೂ ನಡುವೆ ರಾಡ್ ಇರುವ ಬೈಕಾದರೆ ಎರಡೂ ತುದಿಯ ಲಾಕ್‌ನಟ್ ಸಡಿಲಿಸಿ ರಾಡನ್ನು ತಿರುಗಿಸಿದರೆ ಆಯ್ತು. ಒಂದು ತುದಿಯ ಮರೆ (ಥ್ರೆಡ್) ಸಾಮಾನ್ಯವಾಗಿ ಎಡಸುತ್ತಿನದು, ಬಲವಂತ ಮಾಡಬೇಡಿ.